ಪೂರ್ವಾಪರದ ಪುಸ್ತಕ

ಅಕ್ಟೋಬರ್ 11, ಬುಧವಾರ

ನಾನು ಮೇಂಗ್ ಒಕ್‌ಬುನ್. ವಯಸ್ಸು ಎಪ್ಪತ್ನಾಲ್ಕು. ನೊನ್‌ಸಾನ್ ಬಾಲಿಕಾ ಪ್ರೌಢಶಾಲೆಯಲ್ಲಿ ಓದು ಮುಗಿಸಿದವಳು. ಹ್ವಾಸೊಂಗ್‌ನ ಈ ಕಾರ್ಖಾನೆಯನ್ನು ಕಟ್ಟಿದ ಬಾನ್ ಅವರ ಹೆಂಡತಿ. ಅವರು ಹೋಗಿ ಹನ್ನೆರಡು ವರ್ಷವಾದ ಮೇಲೂ ಅತಿ ಹೆಚ್ಚು ಷೇರು ನನ್ನ ಹೆಸರಿನಲ್ಲೇ ಇದೆ. ಅಧ್ಯಕ್ಷ ನನ್ನ ಮಗನೇ ಇರಬಹುದು, ಆದರೆ ನನ್ನ ಮುದ್ರೆ ಬೀಳದೆ ಇಲ್ಲಿಂದ ಒಂದು ದೊಡ್ಡ ಕಾಗದವೂ ಹೊರಗೆ ಹೋಗುವುದಿಲ್ಲ. ಜಂಬಕ್ಕೆ ಬರೆಯುತ್ತಿಲ್ಲ. ಇದು ಹೊಸ ದಿನಚರಿ, ಮೊದಲ ಪುಟದಲ್ಲಿ ಯಾರದೆಂದು ಇರಬೇಕು. ಏಪ್ರಿಲ್‌ನಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆ ಆದಮೇಲೆ ಓಡಾಟ ಕಡಿಮೆಯಾಗಿದೆ, ಬರೆಯಲು ಸಮಯವಿದೆ.

ನಾವು ಮಾಡುವುದು ಮೊಬೈಲ್ ಟವರಿನ ಮೇಲೆ ಕೂರುವ ಫಿಲ್ಟರ್ ಡಬ್ಬಿ. ಗಾಳಿಯಲ್ಲಿ ಓಡಾಡುವ ಅಲೆಗಳಲ್ಲಿ ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ಒಂದೊಂದು ಡಬ್ಬಿಯ ಮೇಲೂ ಇಪ್ಪತ್ತೆಂಟು ತಿರುಪು. ಪರದೆಯ ಮೇಲಿನ ಗೆರೆ ನೋಡುತ್ತ ಒಂದೊಂದನ್ನೂ ಕೂದಲೆಳೆಯಷ್ಟು ತಿರುಗಿಸಿ ಶ್ರುತಿ ಮಾಡಬೇಕು. ಮೊದಲ ನಾಲ್ಕು ವರ್ಷ ಆ ಕೆಲಸ ಮಾಡಿದವಳು ನಾನೇ.

ನಿನ್ನೆ ಮಗ ತೇಗ್ಯು ಸಂತೋಷದ ಸುದ್ದಿ ತಂದ. ಅಮೆರಿಕದ ದೊಡ್ಡ ಆರ್ಡರ್ ಕೈಗೆ ಬಂದಿದೆ. ಬೇಸಿಗೆಯಿಂದ ಎರಡನೇ ಕಟ್ಟಡದಲ್ಲಿ ಹೊಸ ಯಂತ್ರಗಳು ಎರಡು ಪಾಳಿ ಓಡುತ್ತಿವೆ. ಒಳಗೆ ಧೂಳು ಹೋಗಬಾರದೆಂದು ಯಾರನ್ನೂ ಬಿಡುತ್ತಿಲ್ಲ, ನನ್ನನ್ನೂ. ಸಂಜೆ ನನ್ನ ಕೋಣೆಯ ಕಿಟಕಿಯಿಂದ ಅಲ್ಲಿನ ದೀಪಗಳ ಸಾಲು ಕಾಣುತ್ತದೆ, ನೋಡಿದರೆ ಹೊಟ್ಟೆ ತುಂಬುತ್ತದೆ. ಡಿಸೆಂಬರಿನಲ್ಲಿ ಕಂಪನಿ ಹೊಸ ಷೇರು ಬಿಡುತ್ತದೆ. ಅದರಲ್ಲಿ ಒಂದು ಪಾಲು ಮೊದಲು ನಮ್ಮ ಕೆಲಸಗಾರರಿಗೆ.

ಇಪ್ಪತ್ತಾರು ವರ್ಷದಿಂದ ನಮ್ಮ ಕ್ಯಾಂಟೀನಿನ ಒಲೆ ನೋಡಿಕೊಳ್ಳುವ ಸುಲ್ಲೆ ಮಧ್ಯಾಹ್ನ ಸೌಟು ಹಿಡಿದುಕೊಂಡೇ ಬಂದು ಕೇಳಿದಳು.

"ಅಕ್ಕಾ, ತಗೊಳ್ಳಲಾ? ಮನೆಗೆ ಅಂತ ಎತ್ತಿಟ್ಟಿದ್ದು ಬಿಟ್ರೆ ನಂಗೆ ಬೇರೇನಿಲ್ಲ."

"ತಗೋ. ನಾನಿಲ್ವಾ?" ಎಂದೆ.

ಅಡುಗೆಮನೆಯ ಒಂಬತ್ತು ಹೆಂಗಸರೂ ಕೇಳಿಸಿಕೊಂಡರು. ಸಂಜೆಯೊಳಗೆ ಎಲ್ಲರೂ ಹೆಸರು ಬರೆಸಿದರಂತೆ. ಆ ಖುಷಿಗೆ ಇಟ್ಟಿಗೆಯ ಕಥೆಯನ್ನು ಮತ್ತೊಮ್ಮೆ ಹೇಳಿದೆ. 1995ರಲ್ಲಿ ಮೊದಲ ಗಿರಾಕಿ ನೋಡಲು ಬಂದಾಗ ನಮ್ಮ ಹತ್ತಿರ ಇದ್ದದ್ದು ಹನ್ನೊಂದೇ ಡಬ್ಬಿ. ಕಾರ್ಖಾನೆ ತುಂಬಿದೆ ಎಂದು ಕಾಣಲಿ ಎಂದು ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟಿಗೆ ತುಂಬಿ ಚಾವಣಿಯವರೆಗೆ ಜೋಡಿಸಿದ್ದೆ. ಎಲ್ಲರೂ ನೂರು ಸಲ ಕೇಳಿದ್ದಾರೆ, ಆದರೂ ನಕ್ಕರು.

ಹೊಸ ಷೇರು ಎಂದಮೇಲೆ ರಾಜಧಾನಿ ಸಿಯೋಲ್‌ನ ಷೇರು ವ್ಯವಹಾರದ ಬಡಾವಣೆ ಯೊಯಿದೊದಿಂದ ವಿಶ್ಲೇಷಕರು ಬರುತ್ತಾರೆ. ಷೇರು ಸಂಸ್ಥೆಗಳಲ್ಲಿ ಕೂತು ಟೆಲಿಕಾಂ ಕಂಪನಿಗಳ ಮೇಲೆ ವರದಿ ಬರೆಯುವವರು. ಇವರು ಕೊಳ್ಳಿ ಎಂದರೆ ಜನ ಕೊಳ್ಳುತ್ತಾರೆ, ಬೇಡ ಎಂದರೆ ಬಿಡುತ್ತಾರೆ. ನಮ್ಮ ಮನೆಯ ಬಗ್ಗೆ ತೀರ್ಪು ಹೇಳುವವರ ಮನೆ ಯಾವುದು ಎಂದು ತಿಳಿಯದೆ ನಾನು ಚಹಾ ಕೂಡ ಕೊಡುವುದಿಲ್ಲ. ಸಂಬಂಧ ಬೆಳೆಸುವಾಗ ಹೇಗೆ ವಿಚಾರಿಸುತ್ತೇವೋ ಹಾಗೆ ಒಬ್ಬೊಬ್ಬರನ್ನೂ ವಿಚಾರಿಸಿ ಬರೆದಿಡುತ್ತೇನೆ. ತೇಗ್ಯು ಅದಕ್ಕೆ 'ಅಮ್ಮನ ಪೂರ್ವಾಪರದ ಪುಸ್ತಕ' ಎಂದು ಹೆಸರಿಟ್ಟಿದ್ದಾನೆ.

ಪ್ಯೊ ಜೂನ್‌ಹಾ: ಮೂವತ್ನಾಲ್ಕು. ಒಳ್ಳೆಯ ವಿಶ್ವವಿದ್ಯಾಲಯ, ನಾಲ್ಕು ವರ್ಷ ಲೆಕ್ಕಪರಿಶೋಧಕ. ತಂದೆ ನ್ಯಾಯಾಧೀಶ. ಕೂತರೆ ಬೆನ್ನು ನೆಟ್ಟಗೆ. ಪರವಾಗಿಲ್ಲ.

ಗು ಸೇರೋಮ್: ಹೆಂಗಸು, ಮೂವತ್ತೊಂಬತ್ತು. ಮೂವತ್ತರಲ್ಲಿ ಅಂಚೆ ಶಿಕ್ಷಣದ ಪದವಿ. ಟೆಲಿಕಾಂ ಕಂಪನಿಯೊಂದರ ಟವರ್ ವಿಭಾಗದಲ್ಲಿ ಕೆಲವು ವರ್ಷ. ಅದಕ್ಕೂ ಹಿಂದೆ, ಹದಿನೆಂಟರಿಂದ ಇಪ್ಪತ್ತೈದರವರೆಗೆ, ಏನೂ ಇಲ್ಲ. ಮದುವೆಯೂ ಇಲ್ಲ, ಕೆಲಸವೂ ಇಲ್ಲ, ಓದೂ ಇಲ್ಲ. ಏಳು ವರ್ಷ ಒಬ್ಬಳು ಸುಮ್ಮನೆ ಮಾಯವಾಗುವುದಿಲ್ಲ.

ಅಕ್ಟೋಬರ್ 17, ಮಂಗಳವಾರ

ಗು ಎಂಬವಳು ಬಂದು ಹೋದಳು. ನನಗೆ ಹಿಡಿಸಲಿಲ್ಲ.

ಪ್ರದರ್ಶನದ ಕೋಣೆಯಲ್ಲಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದೆವು. ಬಂದವರೆಲ್ಲ ಎತ್ತಿ ನೋಡುತ್ತಾರೆ, ತೂಗುತ್ತಾರೆ, ಫೋಟೋ ತೆಗೆಯುತ್ತಾರೆ. ಇವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬರೀ ಕುತ್ತಿಗೆ ಚಾಚಿ ನೋಡಿದಳು. ಬೆರಳಚ್ಚು ಬಿಡಬಾರದೆಂದು ಕಳ್ಳರು ನಿಲ್ಲುವ ಹಾಗೆ.

ಮಧ್ಯಾಹ್ನ ತೇಗ್ಯು ಹೊರಗೆ ಗೋಮಾಂಸದ ಊಟಕ್ಕೆ ಮೇಜು ಹೇಳಿಟ್ಟಿದ್ದ. ಅವಳು ಬೇಡವೆಂದು ನಮ್ಮ ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಳು. ನಾನು ಕಂಬದ ಹಿಂದಿನ ಮೇಜಿನಲ್ಲಿದ್ದೆ. ಅವಳಿಗೆ ಕಾಣಲಿಲ್ಲ.

"ಅಕ್ಕಾ, ಮೂಲಂಗಿ ಸಾರು ಚೆನ್ನಾಗಿದೆ. ದಿನಕ್ಕೆ ಎಷ್ಟು ತಟ್ಟೆ ಊಟ ಆಗುತ್ತೆ?" ಎಂದು ಸುಲ್ಲೆಯನ್ನು ಕೇಳಿದಳು.

"ಎಷ್ಟು ಜನ ಬಂದ್ರೆ ಅಷ್ಟು," ಎಂದಳು ಸುಲ್ಲೆ.

"ಹೋದ ವರ್ಷ ಕಿಮ್ಚಿಗೆ ಎಷ್ಟು ಎಲೆಕೋಸು ತರಿಸಿದ್ರಿ?"

"ಸಾವಿರದ ಇನ್ನೂರು. ಯಾಕಮ್ಮಾ, ನೀನೇನು ಎಲೆಕೋಸು ಮಾರ್ತೀಯಾ?"

"ಈ ವರ್ಷ ಎಷ್ಟು?"

ನಾನು ಎದ್ದು ಅವಳ ಮುಂದೆ ನಿಂತೆ. "ನೀವು ಕಂಪನಿ ನೋಡೋಕೆ ಬಂದಿದ್ದೋ, ಅಡುಗೆ ಕಲಿಯೋಕೋ?"

ಅವಳು ಎದ್ದು ನಿಂತು ತಲೆ ಬಗ್ಗಿಸಿದಳು. "ಎರಡಕ್ಕೂ, ಅಮ್ಮಾವ್ರೇ. ಎರಡನೇ ಕಟ್ಟಡದವ್ರು ಊಟಕ್ಕೆ ಯಾವಾಗ ಬರ್ತಾರೆ?"

"ಅವರ ಪಾಳಿ ಬಂದಾಗ ಬರ್ತಾರೆ. ನೀವು ತಟ್ಟೆ ಖಾಲಿ ಮಾಡಿ."

ಖಾಲಿ ಮಾಡಿದಳು, ಒಂದು ಅಗುಳೂ ಬಿಡದೆ. ಚಮಚ ಹಿಡಿದ ಕೈಯನ್ನು ಗಮನಿಸಿದೆ. ತೋರುಬೆರಳಿನ ಪಕ್ಕದ ಚರ್ಮ ಗಟ್ಟಿಯಾಗಿ ಹಳದಿಗಟ್ಟಿತ್ತು. ಯೊಯಿದೊದಲ್ಲಿ ಕೂತು ಬರೆಯುವವರ ಕೈಯಲ್ಲ ಅದು. ಯಾರೋ ಎದುರಾಳಿ ಕಂಪನಿಯವರು ಬಿಟ್ಟ ಬೇಹುಗಾತಿ ಇರಬೇಕು.

ಅಕ್ಟೋಬರ್ 18, ಬುಧವಾರ

ಗೇಟಿನವನಿಗೆ ಹೇಳಿದೆ: ಗು ಎಂಬ ಹೆಂಗಸು ಮತ್ತೆ ಬಂದರೆ ಒಳಗೆ ಬಿಡಬಾರದು.

ಅಕ್ಟೋಬರ್ 26, ಗುರುವಾರ

ಪ್ಯೊ ಬಂದಿದ್ದ. ಗೋಮಾಂಸ ಬೇಡವೆನ್ನಲಿಲ್ಲ. ಊಟದ ನಂತರ ಪ್ರದರ್ಶನದ ಕೋಣೆಗೆ ನಾನೇ ಕರೆದುಕೊಂಡು ಹೋಗಿ, ಮೆಲ್ಲಗೆ ಗು ವಿಷಯ ತೆಗೆದೆ.

ಅವನು ನಕ್ಕ. "ಅಮ್ಮಾವ್ರೇ, ನಮ್ಮಲ್ಲಿ ಮೂರು ಥರದವ್ರು ಇರ್ತಾರೆ. ಲೆಕ್ಕದಿಂದ ಬಂದವ್ರು, ಪತ್ರಿಕೆಯಿಂದ ಬಂದವ್ರು, ಟವರಿಂದ ಇಳಿದು ಬಂದವ್ರು. ಗು ಮೇಡಂ ಟವರಿನವ್ರು. ಮೀಟಿಂಗಿಗೆ ಬರುವಾಗ್ಲೂ ಗಟ್ಟಿ ಬೂಟು ಹಾಕ್ಕೊಂಡು ಬರ್ತಾರೆ."

"ಅದಕ್ಕೂ ಮೊದಲು ಏನು ಮಾಡ್ತಿದ್ಲು?"

"ಯಾರಿಗ್ಗೊತ್ತು? ಕೇಳಿದ್ರೆ 'ಕೂತ್ಕೊಂಡು ಮಾಡೋ ಕೆಲ್ಸ' ಅಂತಾರೆ."

ಹೇಳುತ್ತ ಹೇಳುತ್ತ ಅವನು ಡಬ್ಬಿಯೊಂದನ್ನು ಎತ್ತಿಕೊಂಡು, ಅದರ ಮೇಲಿನ ತಿರುಪನ್ನು ಉಗುರಿನಿಂದ ಗೀರಿ, ಮೇಜಿನ ಮೇಲಿದ್ದ ಸ್ಕ್ರೂಡ್ರೈವರಿನಿಂದ ಒಂದು ಸುತ್ತು ತಿರುಗಿಸಿಯೇ ಬಿಟ್ಟ. "ಇದು ಏನಕ್ಕೆ?" ಎಂದು ಕೇಳಿದ, ತಿರುಗಿಸಿ ಆದ ಮೇಲೆ. ಒಬ್ಬಳು ಅರ್ಧ ಗಂಟೆ ಕೂತು ಶ್ರುತಿ ಮಾಡಿದ್ದು ಅಷ್ಟರಲ್ಲೇ ಹಾಳಾಯಿತು. ಆರು ವರ್ಷದಿಂದ ಟೆಲಿಕಾಂ ಬಗ್ಗೆ ಬರೆಯುತ್ತಿದ್ದಾನೆ ಇವನು.

ಎದುರಿಗೆ ಬೈಯುವ ಹಾಗಿಲ್ಲ. ಅತಿಥಿ. ಆದರೆ ಪುಸ್ತಕ ತೆಗೆದು 'ಪರವಾಗಿಲ್ಲ' ಎಂಬುದನ್ನು ಹೊಡೆದುಹಾಕಿದೆ.

ಅಕ್ಟೋಬರ್ 31, ಮಂಗಳವಾರ

ಇಬ್ಬರ ವರದಿಗಳೂ ಬಂದವು. ಪ್ಯೊ ಬರೆದಿರುವುದು: ಕೊಳ್ಳಿ. ಗು ಬರೆದಿರುವುದು: ತಡೆಯಿರಿ. ಹೊಸ ಸಾಲು ಎರಡು ಪಾಳಿ ಓಡುತ್ತಿದ್ದರೆ ಕಾಣಬೇಕಾದ ಜನ ಕ್ಯಾಂಟೀನಿನಲ್ಲಿ ಕಾಣಲಿಲ್ಲ, ಕಂಪನಿ ಇದನ್ನು ವಿವರಿಸುವವರೆಗೆ ಹೊಸ ಷೇರು ಕೊಳ್ಳುವುದು ಬೇಡ ಎಂದು.

ತೇಗ್ಯು ವರದಿಯನ್ನು ನನ್ನ ಮುಂದೆ ಎಸೆದ. "ಅಮ್ಮಾ, ಅನ್ನದ ತಟ್ಟೆ ಎಣಿಸಿ ಕಂಪನಿ ಮೇಲೆ ಬರೀತಾಳಂತೆ! ನಿನ್ನ ಪುಸ್ತಕ ತೆಗಿ. ಆ ಏಳು ವರ್ಷ ಏನು ಮಾಡ್ತಿದ್ಲು ಅಂತ ಹುಡುಕು. ಏನಾದ್ರೂ ಸಿಕ್ಕಿದ್ರೆ ಅವಳ ಮೇಲಿನೋರ ಮುಂದೆ ಇಡ್ತೀನಿ."

ಎಷ್ಟೋ ವರ್ಷದ ಮೇಲೆ ಮಗ ನನ್ನಿಂದ ಒಂದು ಕೆಲಸ ಕೇಳಿದ್ದಾನೆ. ಮಾಡುತ್ತೇನೆ.

ಸಂಜೆ ಕಿಟಕಿಯ ಹತ್ತಿರ ಕೂತು ದೀಪ ನೋಡುತ್ತಿದ್ದಾಗ ನನ್ನ ತೋರುಬೆರಳನ್ನು ಹೆಬ್ಬೆರಳು ತಾನಾಗಿ ಉಜ್ಜುತ್ತಿತ್ತು. ಮೂವತ್ತು ವರ್ಷವಾದರೂ ಆ ಜಾಗದ ಗಟ್ಟಿತನ ಹೋಗಿಲ್ಲ. ಥಟ್ಟನೆ ಹೊಳೆಯಿತು. ಕೈ ಹಿಂದೆ ಕಟ್ಟಿಕೊಳ್ಳುವುದು! ಕೆಲಸಕ್ಕೆ ಸೇರಿದ ಮೊದಲ ದಿನ ಹುಡುಗಿಯರಿಗೆ ನಾನೇ ಹೇಳಿಕೊಡುತ್ತಿದ್ದೆನಲ್ಲ, ಇನ್ನೊಬ್ಬಳು ಶ್ರುತಿ ಮಾಡಿಟ್ಟ ಡಬ್ಬಿ ನೋಡುವಾಗ ಕೈ ಬೆನ್ನ ಹಿಂದಿರಬೇಕು ಎಂದು.

ಆ ಹುಡುಗಿ ಶ್ರುತಿ ಮಾಡುವವಳು. ಅದನ್ನು ಮುಚ್ಚಿಟ್ಟಿದ್ದಾಳೆ. ಏಕೆ?

ನವೆಂಬರ್ 4, ಶನಿವಾರ

ಎಲ್ಲ ಫಿಲ್ಟರ್ ಕಾರ್ಖಾನೆಗಳಿಗೂ ತಿರುಪು ಮಾರುತ್ತಿದ್ದ ಹಳೆಯ ವ್ಯಾಪಾರಿಗೆ ಫೋನ್ ಮಾಡಿ, ಅವನು ಹೇಳಿದ ವಿಳಾಸ ಹಿಡಿದು ಬುಚೊನ್‌ಗೆ ಹೋಗಿದ್ದೆ. ಅಲ್ಲೊಂದು ಫಿಲ್ಟರ್ ಕಾರ್ಖಾನೆ ಇತ್ತು, 2009ರಲ್ಲಿ ಮುಚ್ಚಿತು. ಅಲ್ಲಿ ಶ್ರುತಿ ವಿಭಾಗದ ಮೇಲ್ವಿಚಾರಕಿಯಾಗಿದ್ದ ಯೊಮ್ ಎಂಬಾಕೆ ಈಗ ನೂಡಲ್ಸಿನ ಅಂಗಡಿ ಇಟ್ಟಿದ್ದಾಳೆ. ನನ್ನ ಹೆಸರು ಹೇಳಲಿಲ್ಲ. ಸೇರೋಮ್‌ಗೆ ಒಂದು ಸಂಬಂಧ ಬಂದಿದೆ, ವಿಚಾರಿಸಲು ಬಂದೆ ಎಂದೆ.

"ನಮ್ಮ ಸೇರೋಮಾ! ಅಯ್ಯೋ, ನನ್ನ ಪಕ್ಕದ ಬೆಂಚಲ್ಲೇ ಏಳು ವರ್ಷ ಕೂತಿದ್ಲಮ್ಮಾ. ಹದಿನೆಂಟಕ್ಕೆ ಬಂದ್ಲು. ನಾವು ಇಪ್ಪತ್ತು ಡಬ್ಬಿ ಮುಗ್ಸೋದ್ರೊಳಗೆ ಅವಳದ್ದು ಮೂವತ್ತಾಗೋದು," ಎಂದು ಆಕೆ ಹಿಟ್ಟಿನ ಕೈಯನ್ನು ಒರೆಸಿಕೊಂಡು ಕೂತೇಬಿಟ್ಟಳು.

"ಅಷ್ಟು ಚೆನ್ನಾಗಿ ಮಾಡ್ತಿದ್ದೋಳು ಈಗ ಅದನ್ನ ಯಾರಿಗೂ ಹೇಳಲ್ವಲ್ಲ?"

"ಅವಳಲ್ಲ, ಅವಳ ಆಫೀಸಿನೋರು ಬೇಡ ಅಂದಿದ್ದು. ಕಾರ್ಖಾನೆ ಹುಡುಗಿ ಬರೆದ ವರದಿನ ಯಾರು ಓದ್ತಾರೆ, ಆ ಸಾಲು ತೆಗೆದುಬಿಡು ಅಂದ್ರಂತೆ. ಬೇಕಾದ್ರೆ ತೆಗೀರಿ, ಸುಳ್ಳೊಂದು ಸೇರಿಸಬೇಡಿ ಅಂದ್ಲಂತೆ. ಅದಕ್ಕೇ ಆ ಜಾಗ ಖಾಲಿ."

"ಕಾರ್ಖಾನೆ ಯಾಕೆ ಮುಚ್ಚಿತು?"

ಯೊಮ್ ಒಲೆಯ ಕಡೆ ನೋಡಿದಳು. "ನಮ್ಮ ಯಜಮಾನ್ರು ದೊಡ್ಡ ಆರ್ಡರ್ ಬಂದಿದೆ, ಎಲ್ರೂ ಷೇರು ತಗೊಳ್ಳಿ ಅಂದ್ರು. ತಗೊಂಡ್ವಿ. ನಂದು ಮಗಳ ಮದುವೆದು, ಅವಳದ್ದು ಕಾಲೇಜಿಗೆ ಇಟ್ಕೊಂಡಿದ್ದು. ಹೊಸ ಹಾಲಿಗೆ ದಿನಾ ದೀಪ ಹಾಕೋರು. ರಸ್ತೆಯಿಂದ ನೋಡಿದ್ರೆ ಜಗಜಗ. ಒಳಗೆ ಒಂದು ಕುರ್ಚಿನೂ ಇರ್ಲಿಲ್ಲ. ಮೊದಲು ಗೊತ್ತಾಗಿದ್ದು ಅಡುಗೆಯವಳಿಗೆ, ಅಕ್ಕಿ ತರಿಸೋದು ಹೆಚ್ಚಾಗ್ಲೇ ಇಲ್ವಲ್ಲ. ಅವಳು ಬಾಯಿ ಬಿಡ್ಲಿಲ್ಲ. ಕೇಳಿದೋರೂ ಯಾರಿಲ್ಲ."

ನೂಡಲ್ಸಿನ ಸಾರು ತೆಳುವಾಗಿತ್ತು. ಪೂರ್ತಿ ತಿಂದು ಎದ್ದೆ.

"ಹುಡುಗನ ಮನೆಯೋರು ಒಳ್ಳೆಯೋರಾ?" ಎಂದು ಕೇಳಿದಳು ಯೊಮ್.

"ವಿಚಾರಿಸ್ತಿದ್ದೀನಿ," ಎಂದೆ.

ನವೆಂಬರ್ 5, ಭಾನುವಾರ

ವಿಷಯ ಸ್ಪಷ್ಟವಾಗಿದೆ. ಒಂದು ಕಂಪನಿಯಲ್ಲಿ ಕೈ ಸುಟ್ಟುಕೊಂಡವಳು ಎಲ್ಲ ಕಂಪನಿಗಳ ಮೇಲೂ ಸೇಡು ಇಟ್ಟುಕೊಂಡಿದ್ದಾಳೆ. ಇಂಥವಳ ಮಾತಿಗೆ ಬೆಲೆ ಇಲ್ಲ. ಇದನ್ನು ತೇಗ್ಯುಗೆ ಕೊಟ್ಟರೆ ಅವಳ ಕೆಲಸ ಹೋಗುವುದು ಖಂಡಿತ. ನಾಳೆ ಕೊಡುತ್ತೇನೆ.

ನವೆಂಬರ್ 6, ಸೋಮವಾರ

ಮಂಡಿ ನೋವು. ತೇಗ್ಯುವಿನ ಕಚೇರಿಗೆ ಮೆಟ್ಟಿಲು ಹತ್ತಲಾಗಲಿಲ್ಲ.

ನವೆಂಬರ್ 8, ಬುಧವಾರ

ತೇಗ್ಯು ಕೇಳಿದ, ಏನಾದರೂ ಸಿಕ್ಕಿತೇ ಎಂದು. ಇನ್ನೂ ಹುಡುಕುತ್ತಿದ್ದೇನೆ ಎಂದೆ. ಚಳಿಗೆ ಮಂಡಿ ಬಿಗಿದಿದೆ. ಆದರೂ ಕ್ಯಾಂಟೀನಿಗೆ ನಾಲ್ಕು ಸಲ ಹೋಗಿಬಂದೆ.

ನವೆಂಬರ್ 13, ಸೋಮವಾರ

ಇಡೀ ಚಳಿಗಾಲಕ್ಕಾಗುವಷ್ಟು ಎಲೆಕೋಸಿನ ಉಪ್ಪಿನಕಾಯಿ, ಅಂದರೆ ಕಿಮ್ಚಿ, ಹಾಕುವುದು ಇಪ್ಪತ್ತೈದಕ್ಕೆ ಎಂದು ನಿಗದಿಯಾಯಿತು. ಎಲೆಕೋಸಿನ ವ್ಯಾಪಾರಿ ಇವತ್ತೇ ಲೆಕ್ಕ ಕೇಳುತ್ತಾನೆ. ಪ್ರತಿ ವರ್ಷ ಈ ಲೆಕ್ಕ ಹೇಳುವುದು ನಾನು, ಬರೆದುಕೊಳ್ಳುವುದು ಸುಲ್ಲೆ.

"ಹೋದ ವರ್ಷ ಸಾವಿರದ ಇನ್ನೂರು. ಈ ಸಲ ಎರಡನೇ ಕಟ್ಟಡದೋರೂ ಇದ್ದಾರೆ. ಸಾವಿರದ ಐನೂರು ಬರಿ," ಎಂದೆ.

ಸುಲ್ಲೆ ಪೆನ್ಸಿಲ್ ಹಿಡಿದು ಕೂತೇ ಇದ್ದಳು.

"ಏನೇ? ಕೈಗೆ ಲಕ್ವ ಹೊಡೀತಾ?"

"ಅಕ್ಕಾ, ಎಂಟುನೂರು ಸಾಕು."

"ಎಂಟುನೂರಾ?"

"ಬೇಸಿಗೆಲಿ ನಲವತ್ತು ಜನ ಬಿಟ್ಟು ಹೋದ್ರಲ್ಲ. ಹೊಸಬ್ರು ಯಾರೂ ತಟ್ಟೆ ಹಿಡಿದಿಲ್ಲ."

"ಎರಡನೇ ಕಟ್ಟಡದೋರು?"

"ಅವರಿಗೆ ಹೊರಗಿಂದ ಊಟ ಬರುತ್ತೆ ಅಂತ ಅಧ್ಯಕ್ಷರು ಅಂದ್ರು." ಅವಳು ತಲೆ ಎತ್ತಲಿಲ್ಲ. "ಬರುತ್ತೆ ಅಲ್ವಾ ಅಕ್ಕಾ?"

ಇಪ್ಪತ್ತಾರು ವರ್ಷದಲ್ಲಿ ಸುಲ್ಲೆ ನನ್ನ ಲೆಕ್ಕ ತಿದ್ದಿದ್ದು ಇದೇ ಮೊದಲು. ಅಡುಗೆಯವಳು ಬಾಯಿ ಬಿಡಲಿಲ್ಲ ಎಂದು ಯೊಮ್ ಹೇಳಿದ್ದು ನೆನಪಾಯಿತು. ಆಗ ಕೇಳಿದವರೂ ಇರಲಿಲ್ಲವಲ್ಲ.

"ಎಂಟುನೂರು ಬರಿ," ಎಂದೆ.

ನವೆಂಬರ್ 14, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಕೋಲು ಹಿಡಿದು ಎರಡನೇ ಕಟ್ಟಡದ ಹಿಂದಕ್ಕೆ ಹೋದೆ. ಗಂಡನ ಬೀಗದ ಕೈಗೊಂಚಲು ಇನ್ನೂ ನನ್ನ ಹತ್ತಿರವೇ ಇದೆ. ಪಕ್ಕದ ಬಾಗಿಲು ತೆರೆಯಿತು.

ಒಳಗೆ ಚಪ್ಪಲಿ ಬದಲಿಸುವ ಗೂಡಿನಲ್ಲಿ ನಲವತ್ತು ಜೊತೆ ಬಿಳಿ ಚಪ್ಪಲಿ. ಎಲ್ಲದರ ಮೂತಿಯೂ ಒಂದೇ ಕಡೆಗೆ. ಒಂದರಲ್ಲೂ ಹಿಮ್ಮಡಿಯ ಗುರುತಿಲ್ಲ.

ಆಮೇಲೆ ಹಾಲ್. ಹಸಿರು ನೆಲ, ಈ ತುದಿಯಿಂದ ಆ ತುದಿಯವರೆಗೆ. ಮೇಲೆ ದೀಪಗಳು. ನಡುವೆ ಏನೂ ಇಲ್ಲ.

ನೆಲ ಬಹಳ ಸ್ವಚ್ಛವಾಗಿತ್ತು. ಧೂಳು ಹೋಗಬಾರದು ಎಂದು ತೇಗ್ಯು ಹೇಳಿದ್ದು ಸುಳ್ಳಲ್ಲ.

ನವೆಂಬರ್ 15, ಬುಧವಾರ

ತೇಗ್ಯುವನ್ನು ಮನೆಗೆ ಕರೆಸಿದೆ. ಕೂರು ಎನ್ನಲಿಲ್ಲ.

"ಆ ಹುಡುಗಿ ಬರೆದಿದ್ದರಲ್ಲಿ ಯಾವ ಸಾಲು ಸುಳ್ಳು?"

"ಅಮ್ಮಾ, ಬಾಗಿಲು ತೆಗೆದ್ಯಾ?" ಎಂದ. ಬಣ್ಣ ಇಳಿಯಿತು. ಆದರೆ ಬೇಗ ಸುಧಾರಿಸಿಕೊಂಡ. "ಆರ್ಡರ್ ಬರುತ್ತೆ. ಮಾರ್ಚಿಗೆ ಖಂಡಿತ ಬರುತ್ತೆ. ಇಲ್ಲಿನ ಟೆಲಿಕಾಂ ಕಂಪನಿಗಳು ಹೊಸ ಟವರ್ ಹಾಕೋದೇ ನಿಲ್ಸಿವೆ, ಅಲ್ಲಿವರೆಗೂ ನಾವು ಉಸಿರು ಹಿಡ್ಕೊಂಡಿರ್ಬೇಕು. ಜನ ನಂಬಿದ್ರೆ ತಾನೇ ಉಳಿಯೋದು?"

"ಯಾವ ಜನ?"

"ಇಟ್ಟಿಗೆ ಕಥೆ ಯಾರು ಹೇಳ್ತಿದ್ದಿದ್ದು ಅಮ್ಮಾ? ಪ್ರತಿ ವರ್ಷ, ನೂರು ಜನರ ಮುಂದೆ, ನಗ್ತಾ ನಗ್ತಾ? ನೀನು ರಟ್ಟಿನ ಪೆಟ್ಟಿಗೆ ಜೋಡಿಸಿದೆ, ನಾನು ದೀಪ ಹಾಕಿದೆ. ನೀನು ಮಾಡಿದ್ರೆ ಧೈರ್ಯ, ನಾನು ಮಾಡಿದ್ರೆ ಮೋಸವಾ?"

ಎಪ್ಪತ್ನಾಲ್ಕು ವರ್ಷದಲ್ಲಿ ನನ್ನನ್ನು ಮಾತಿನಲ್ಲಿ ಕಟ್ಟಿಹಾಕಿದವರು ಕಡಿಮೆ.

"ಆವತ್ತು ಆರ್ಡರ್ ಸಿಗದಿದ್ರೆ ನಾನೂ ನಿನ್ನಪ್ಪನೂ ಬೀದಿಗೆ ಬರ್ತಿದ್ವಿ," ಎಂದೆ. "ಈಗ ಬೀದಿಗೆ ಬರೋಳು ಸುಲ್ಲೆ."

"ಸುಲ್ಲೆಗೆ ತಗೋ ಅಂತ ಹೇಳಿದ್ದು ನಾನಲ್ಲ, ನೀನು."

ಅದೂ ನಿಜ.

ಹೋಗುವಾಗ ಹೊಸ ಷೇರಿನ ಕಾಗದ ಮೇಜಿನ ಮೇಲಿಟ್ಟ. ಸೋಮವಾರ ಇಪ್ಪತ್ತೇಳರೊಳಗೆ ನನ್ನ ಮುದ್ರೆ ಬೇಕಂತೆ.

ನವೆಂಬರ್ 17, ಶುಕ್ರವಾರ

ಏನೂ ಬರೆಯುವ ಮನಸ್ಸಿಲ್ಲ. ಸಂಜೆ ಕಿಟಕಿಯ ಪರದೆ ಎಳೆದೆ.

ನವೆಂಬರ್ 20, ಸೋಮವಾರ

ಸೇರೋಮ್‌ಗೆ ಫೋನ್ ಮಾಡಿದೆ.

"ನಾನು ಹ್ವಾಸೊಂಗ್‌ನ ಮೇಂಗ್ ಒಕ್‌ಬುನ್. ನಿನಗೆ ಒಂದು ವಿಷಯ ಹೇಳೋದಿದೆ."

"ಹೇಳ್ಬೇಡಿ ಅಮ್ಮಾವ್ರೇ," ಎಂದಳು ತಟ್ಟನೆ.

ನನಗೆ ಸಿಟ್ಟು ಬಂತು. "ಕೇಳೋಕೆ ಮೊದಲೇ ಬೇಡ ಅಂತೀಯಾ? ಎಲೆಕೋಸು ಎಷ್ಟು, ತಟ್ಟೆ ಎಷ್ಟು ಅಂತ ಕೆದಕ್ತಿದ್ದೋಳು ನೀನೇ ತಾನೇ?"

"ಕ್ಯಾಂಟೀನಲ್ಲಿ ಕೂತು ಯಾರು ಬೇಕಾದ್ರೂ ಎಣಿಸ್ಬಹುದು. ಕಂಪನಿ ಒಳಗಿನ ಮಾತನ್ನ ನನಗೊಬ್ಬಳಿಗೇ ಹೇಳಿದ್ರೆ ನಾನು ಅದನ್ನ ಬರೆಯೋ ಹಾಗಿಲ್ಲ, ಬಾಯಿ ಬಿಡೋ ಹಾಗೂ ಇಲ್ಲ. ನಮ್ಮ ಕೆಲಸದ ನಿಯಮ. ಹೇಳೋದಿದ್ರೆ ಎಲ್ಲರಿಗೂ ಒಟ್ಟಿಗೆ ಕಾಣೋ ಹಾಗೆ ಹೇಳಿ."

"ಎಲ್ಲರಿಗೂ?"

"ಎಲ್ಲರಿಗೂ. ನನಗೆ, ಪ್ಯೊ ಅವರಿಗೆ, ನಿಮ್ಮ ಅಡುಗೆ ಅಕ್ಕನಿಗೆ. ಒಂದೇ ಹೊತ್ತಿಗೆ."

ಗೋಡೆಯ ಕ್ಯಾಲೆಂಡರ್ ನೋಡಿದೆ. "ಶನಿವಾರ ಎಂಟಕ್ಕೆ ನಮ್ಮಲ್ಲಿ ಕಿಮ್ಚಿ ಹಾಕ್ತೀವಿ. ಬಾ."

"ನನ್ನನ್ನ ಗೇಟಲ್ಲಿ ಬಿಡ್ತಿಲ್ವಲ್ಲ? ಹೋದ ವಾರ ಎರಡು ಸಲ ವಾಪಸ್ ಕಳಿಸಿದ್ರು."

"ಬಿಡಬೇಡ ಅಂದಿದ್ದು ನಾನು. ಬಿಡು ಅನ್ನೋಳೂ ನಾನೇ. ರಬ್ಬರ್ ಗ್ಲೌಸ್ ತಗೊಂಡು ಬಾ. ನಮ್ಮಲ್ಲಿ ಅತಿಥಿ ಅಂತ ಯಾರೂ ಸುಮ್ನೆ ಕೂರಲ್ಲ."

ಪ್ಯೊನನ್ನೂ ಕರೆದೆ. ಪತ್ರಿಕೆಯಿಂದ ಬಂದ ಇನ್ನೊಬ್ಬ ವಿಶ್ಲೇಷಕನನ್ನೂ. ಅವನು ಕಿಮ್ಚಿ ಜೊತೆ ಬೇಯಿಸಿದ ಹಂದಿಮಾಂಸ ಇರುತ್ತಾ ಎಂದು ಮೊದಲು ಕೇಳಿಕೊಂಡ.

ಆ ಹುಡುಗಿಯನ್ನು ನಾನು ಇನ್ನೂ ನಂಬಿದ್ದೇನೆ ಎಂದಲ್ಲ. ಅವಳ ಪುಟದಲ್ಲಿ ಖಾಲಿ ಇದ್ದ ಜಾಗದಲ್ಲಿ ಬರೆದೆ: ಹದಿನೆಂಟರಿಂದ ಇಪ್ಪತ್ತೈದು, ಫಿಲ್ಟರ್ ಶ್ರುತಿ, ಬುಚೊನ್. ಪುಸ್ತಕ ಪೂರ್ತಿ ಇರಬೇಕು, ಅಷ್ಟೇ. ತೇಗ್ಯುಗೆ ತೋರಿಸಲಿಲ್ಲ.

ನವೆಂಬರ್ 25, ಶನಿವಾರ

ಇವತ್ತು ಕಿಮ್ಚಿಯನ್ನು ಎರಡನೇ ಕಟ್ಟಡದಲ್ಲಿ ಹಾಕಿದೆವು.

ರಾತ್ರಿಯಿಡೀ ಉಪ್ಪಿನಲ್ಲಿ ನೆನೆದು ತೊಳೆದಿಟ್ಟ ಎಲೆಕೋಸು ಎಂಟುನೂರು, ಮೆಣಸಿನಪುಡಿಯ ಮಸಾಲೆ ಹನ್ನೆರಡು ತೊಟ್ಟಿ. ಎಲ್ಲವೂ ಅಂಗಳದಲ್ಲಿದ್ದವು. ಪ್ರತಿ ವರ್ಷ ಅಂಗಳದಲ್ಲೇ ಹಾಕುವುದು. ಚಳಿ ಜೋರಾಗಿದೆ, ಒಳಗೆ ಹಾಕೋಣ ಎಂದು ಹೇಳಿ ದೊಡ್ಡ ಷಟರನ್ನು ನಾನೇ ನಿಂತು ಎತ್ತಿಸಿದೆ. ಗೇಟಿನವನು ಅಧ್ಯಕ್ಷರು ಬೇಡ ಅಂದಿದ್ದಾರೆ ಎಂದ. "ಅಧ್ಯಕ್ಷರ ಅಮ್ಮ ಬೇಕು ಅಂದಿದ್ದಾರೆ," ಎಂದೆ.

ತೊಟ್ಟಿ ಹೊತ್ತುಕೊಂಡು ಮಾತಾಡುತ್ತ, ನಗುತ್ತ ಒಳಗೆ ನುಗ್ಗಿದವರು ಹತ್ತು ಹೆಜ್ಜೆ ಹಾಕಿ ನಿಂತರು. ಹಿಂದಿನವರು ಮುಂದಿನವರ ಬೆನ್ನಿಗೆ ಡಿಕ್ಕಿ ಹೊಡೆದು "ಏಯ್, ನಡೀರೋ," ಎಂದು ಬೈದು, ಅವರೂ ನೋಡಿ, ನಿಂತರು. ನೂರಕ್ಕೂ ಹೆಚ್ಚು ಜನ. ತೊಟ್ಟಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಪ್ಯೊ ಚಾವಣಿ ನೋಡಿದ, ನೆಲ ನೋಡಿದ, ಫೋನ್ ತೆಗೆದ, ಮತ್ತೆ ಜೇಬಿಗೆ ಹಾಕಿದ. ಸೇರೋಮ್ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಅಕ್ಕಾ," ಎಂದಳು ಸುಲ್ಲೆ. "ಮೆಷೀನ್‌ಗಳು ಎಲ್ಲಿ?"

"ಇಲ್ಲ. ಇರಲೇ ಇಲ್ಲ. ಆರ್ಡರೂ ಇನ್ನೂ ಬಂದಿಲ್ಲ." ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ. "ಷೇರು ತಗೋ ಅಂತ ನಿನಗೆ ಹೇಳಿದೋಳು ನಾನು. ವಿಚಾರಿಸದೆ ಹೇಳಿದೆ. ತಪ್ಪು ನಂದು. ತಗೋಬೇಡಿ. ಯಾರೂ ತಗೋಬೇಡಿ."

ಸುಲ್ಲೆ ನನ್ನನ್ನೇ ನೋಡುತ್ತ ನಿಂತಳು. ನಾನು ಕಣ್ಣು ತಗ್ಗಿಸಲಿಲ್ಲ. ಅವಳೇ ತಗ್ಗಿಸಿದಳು. ಆಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, "ಏನು ನೋಡ್ತಾ ನಿಂತಿದ್ದೀರಾ? ಎಲೆಕೋಸು ತಾನಾಗೇ ಮಸಾಲೆ ಹಚ್ಚಿಕೊಳ್ಳುತ್ತಾ?" ಎಂದು ಹೆಂಗಸರನ್ನು ಗದರಿದಳು. ಕೂತರು. ಮೊದಲ ಅರ್ಧ ಗಂಟೆ ಬರೀ ಮಸಾಲೆ ಹಚ್ಚಿದರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಅದರಲ್ಲಿ ನನ್ನ ಮಗನಿಗೆ ಬಿದ್ದ ಬೈಗುಳವೂ ಇತ್ತು, ನನಗೆ ಬಿದ್ದದ್ದೂ ಇತ್ತು. ಕೇಳಿಸದವಳ ಹಾಗೆ ಇರಲಿಲ್ಲ. ಕೇಳಿಸಿಕೊಂಡೆ.

ಒಂಬತ್ತೂವರೆಗೆ ತೇಗ್ಯು ಬಂದ. ಬಾಗಿಲಲ್ಲಿ ನಿಂತ. ಎಲ್ಲ ಕೈಗಳೂ ನಿಂತವು. ನಾನು ಎದ್ದು ಹೋಗಿ ಅವನ ಕೈಗೆ ಒಂದು ಜೊತೆ ರಬ್ಬರ್ ಗ್ಲೌಸ್ ಕೊಟ್ಟೆ. "ಎಲ್ಲರ ಜೊತೆ ಕೂರು. ಕೇಳಿದ್ದಕ್ಕೆಲ್ಲ ಉತ್ತರ ಕೊಡು. ನಿಜವನ್ನೇ ಹೇಳು." ಬಹಳ ಹೊತ್ತು ಹಾಕಿಕೊಳ್ಳಲಿಲ್ಲ. ಆಮೇಲೆ ಹಾಕಿಕೊಂಡು ಸುಲ್ಲೆಯ ಎದುರು ಕೂತ. ಮಸಾಲೆ ಹಚ್ಚಲು ಬರುವುದಿಲ್ಲ ಅವನಿಗೆ. ಎಲೆಯ ಬುಡಕ್ಕೆ ಮುಟ್ಟಿಸುವುದೇ ಇಲ್ಲ.

ಸೇರೋಮ್‌ಗೆ ಹಚ್ಚಲು ಬರುತ್ತದೆ. ಒಂದೊಂದು ಎಲೆಯನ್ನೂ ಬಿಡಿಸಿ, ಬುಡದಿಂದ ತುದಿಗೆ. ಹೊರಡುವಾಗ ಒಂದು ಡಬ್ಬಿ ತುಂಬಿ ಕೊಡಲು ಹೋದೆ.

"ಕಂಪನಿಯೋರಿಂದ ನಾವು ಏನೂ ತಗೊಳ್ಳೋ ಹಾಗಿಲ್ಲ, ಅಮ್ಮಾವ್ರೇ."

"ಇದೂ ನಿಯಮವಾ?"

"ಇದೂ."

ಎಳೆಯ ಎಲೆಯೊಂದರಲ್ಲಿ ಮಾಂಸದ ತುಂಡಿಟ್ಟು ಸುತ್ತಿ, "ಆ ಅನ್ನು," ಎಂದು ಅವಳ ಬಾಯಿಗಿಟ್ಟೆ. ಬಾಯಿಗಿಟ್ಟದ್ದು ಕೊಟ್ಟ ಹಾಗಲ್ಲ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು.

ಅವಳನ್ನು ನಾನು ಈಗಲೂ ಪೂರ್ತಿ ನಂಬಿಲ್ಲ. ಯಾರನ್ನೂ ಹಾಗೆ ನಂಬಬಾರದು.

ಮುದ್ರೆ ಒತ್ತಿದ್ದೇನೆ, ತೇಗ್ಯು ಇಟ್ಟುಹೋದ ಕಾಗದಕ್ಕಲ್ಲ. ಹೊಸ ಷೇರಿಗೆ ನನ್ನ ಒಪ್ಪಿಗೆ ಇಲ್ಲ, ಎರಡನೇ ಕಟ್ಟಡ ಖಾಲಿ ಎಂದು ನಾನೇ ನಾಲ್ಕು ಸಾಲು ಬರೆದ ಪತ್ರಕ್ಕೆ. ಸೋಮವಾರ ವಹಿವಾಟು ತೆರೆಯುವ ಮೊದಲು ಷೇರುಪೇಟೆಯವರಿಗೆ ತಲುಪಿಸಲು ವಕೀಲರ ಕೈಗೆ ಮಧ್ಯಾಹ್ನವೇ ಕೊಟ್ಟಾಯಿತು. ಅದರ ನಕಲನ್ನು ಕ್ಯಾಂಟೀನಿನ ಹಲಗೆಗೆ, ಸೋಮವಾರದ ಊಟದ ಪಟ್ಟಿಯ ಪಕ್ಕದಲ್ಲಿ ಅಂಟಿಸಿ ಬಂದೆ.

ಎಂಟುನೂರು ಎಲೆಕೋಸು ಸಾಕಾಯಿತು. ನೂರು ಜನ ಕೂತರೂ ಹಾಲ್‌ನಲ್ಲಿ ಇನ್ನೂ ಜಾಗ ಉಳಿದಿತ್ತು. ಸಂಜೆ ಎಲ್ಲರೂ ಹೋದ ಮೇಲೆ ಎರಡನೇ ಕಟ್ಟಡದ ದೀಪಗಳನ್ನು ನನ್ನ ಕೈಯಾರೆ ಆರಿಸಿದೆ.